ಬೆಲೆಯ ಮೇಲೊಂದು ಕಾಸು: ಕೊಳ್ಳುವ ಕೈ ಮತ್ತು ವೈದ್ಯಕೀಯ ಧರ್ಮಕಾರ್ಯ



ದತ್ತಿ ಉಪನ್ಯಾಸಕ್ಕೆ ಬಂದು ದಾನದ ಬಗ್ಗೆಯೇ ಮಾತಾಡುವುದು ಸ್ವಲ್ಪ ಇಕ್ಕಟ್ಟಿನ ಕೆಲಸ. ದಾನಿಗಳು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಆದರೂ ಒಂದು ಅನುಕೂಲವಿದೆ. ಈ ದತ್ತಿಯ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿದೆ. ಬಡ್ಡಿ ಯಾವುದಕ್ಕೆ ಖರ್ಚಾಗಬೇಕೆಂದು ದತ್ತಿಪತ್ರದಲ್ಲಿ ಬರೆದಿದೆ. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವವರಿದ್ದಾರೆ, ಕೇಳುವವರೂ ಇದ್ದಾರೆ. ನಾನು ಇಂದು ಎತ್ತಿಕೊಂಡಿರುವ ದಾನಕ್ಕೆ ಬಹಳಷ್ಟು ಸಲ ಈ ಮೂರೂ ಇರುವುದಿಲ್ಲ. ಸೋಪು, ಬಿಸ್ಕತ್ತು, ಗ್ರೀಟಿಂಗ್ ಕಾರ್ಡು, ಮೊಸರಿನ ಡಬ್ಬಿ ಕೊಳ್ಳುವಾಗ ಅದರ ಬೆಲೆಯ ಜೊತೆಗೇ ನಮ್ಮ ಕೈಯಿಂದ ಹೊರಟು, ಯಾವುದೋ ಆಸ್ಪತ್ರೆಗೋ ರೋಗನಿವಾರಣಾ ಸಂಸ್ಥೆಗೋ ಸೇರುತ್ತದೆಂದು ಹೇಳಲಾಗುವ ಆ ಸಣ್ಣ ಕಾಸಿನ ಬಗ್ಗೆ ಮಾತಾಡುತ್ತೇನೆ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಗಳಿಗೆ ನೇರವಾಗಿ ಕೊಡುವ ದಾನ ನನ್ನ ವಿಷಯವಲ್ಲ. ಕೊಳ್ಳುವಿಕೆಯ ಬೆನ್ನೇರಿ ಬರುವ ದಾನ ಮಾತ್ರ ನನ್ನ ವಿಷಯ. ಮೊದಲು ಅದರ ಹಳೆಯ ರೂಪಗಳು, ಆಮೇಲೆ ಆ ಕಾಸು ಬೆಲೆಯ ಹೊರಗಿನಿಂದ ಬೆಲೆಯ ಒಳಕ್ಕೆ ಹೋದ ಕಥೆ, ಅನಂತರ ಯಾವ ರೋಗಕ್ಕೆ ಅಂಗಡಿಯಲ್ಲಿ ಗಿರಾಕಿಯಿದೆ, ಯಾವುದಕ್ಕಿಲ್ಲ ಎಂಬ ಪ್ರಶ್ನೆ, ಕೊನೆಗೆ ಕಾನೂನು. ನನ್ನ ಅಭಿಪ್ರಾಯವನ್ನೂ ಬಚ್ಚಿಡುವುದಿಲ್ಲ: ಇಂಥ ದಾನದಲ್ಲಿ ತಪ್ಪೇನಿಲ್ಲ, ಆದರೆ ಆ ಕಾಸು ಬೆಲೆಯಿಂದ ಬೇರೆಯಾಗಿ ಕಣ್ಣಿಗೆ ಕಾಣುವಷ್ಟು ಕಾಲ ಮಾತ್ರ ಅದು ದಾನವಾಗಿ ಉಳಿಯುತ್ತದೆ.

ಹಳೆಯ ರೂಪದಿಂದ ಆರಂಭಿಸೋಣ. ಇದು ಮಾರ್ಕೆಟಿಂಗ್ ಪಂಡಿತರು ಕಂಡುಹಿಡಿದದ್ದು ಎಂದು ವಾಣಿಜ್ಯ ವಿದ್ಯಾರ್ಥಿಗಳು ಓದಿಕೊಂಡಿರುತ್ತೀರಿ. ನಮ್ಮ ಪೇಟೆಯ ಅಡತಿ ಅಂಗಡಿಯವರನ್ನು ಕೇಳಿ ನೋಡಿ, ನಕ್ಕುಬಿಡುತ್ತಾರೆ. ದೇಶದ ಎಷ್ಟೋ ಸಗಟು ಪೇಟೆಗಳಲ್ಲಿ ವ್ಯಾಪಾರಿ ತನ್ನ ಬಿಲ್ಲಿನಲ್ಲಿ ಸರಕಿನ ಬೆಲೆ, ಹಮಾಲಿ, ದಲ್ಲಾಳಿ ಎಲ್ಲ ಬರೆದ ಮೇಲೆ ಕೆಳಗೆ 'ಧರ್ಮಾದಾಯ' ಎಂದು ಒಂದಿಷ್ಟು ಕಾಸು ಹಾಕುವ ವಾಡಿಕೆಯಿತ್ತು. ಆ ಹಣದಲ್ಲಿ ಛತ್ರ, ಗೋಶಾಲೆ, ಅರವಟ್ಟಿಗೆ, ಧರ್ಮಾಸ್ಪತ್ರೆಗಳು ನಡೆದವು. ಇದರ ಸ್ವರೂಪವೇನೆಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಉತ್ತರಪ್ರದೇಶದ ಹಾಥರಸ್‌ನ ಬಿಜಲಿ ಕಾಟನ್ ಮಿಲ್ಸ್ ನೂಲಿನ ಕಟ್ಟಿಗೆ ಒಂದಾಣೆ, ಹತ್ತಿಯ ಬೇಲ್‌ಗೆ ಎರಡಾಣೆ ಧರ್ಮಾದಾಯ ವಸೂಲು ಮಾಡುತ್ತಿತ್ತು. ಇದು ನಿಮ್ಮ ವ್ಯಾಪಾರದ ಆದಾಯ, ತೆರಿಗೆ ಕಟ್ಟಿ ಎಂದಿತು ಆದಾಯ ತೆರಿಗೆ ಇಲಾಖೆ. 1970ರ ದಶಕದ ಕೊನೆಯಲ್ಲಿ ಬಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಲಾಖೆಯ ವಾದವನ್ನು ಒಪ್ಪಲಿಲ್ಲ. ಗಿರಾಕಿ ಕೊಡುವಾಗಲೇ ಆ ಹಣ ಧರ್ಮಕ್ಕೆಂದು ಮೀಸಲಾಗಿದೆ, ವ್ಯಾಪಾರಿಯ ಕೈಯಲ್ಲಿ ಅದು ಬರೀ ಹಾದುಹೋಗುತ್ತದೆ, ಅವನ ಸಂಪಾದನೆಯಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು.

ನನಗೆ ಈ ತೀರ್ಪು ಬಹಳ ಮುಖ್ಯವೆನಿಸುತ್ತದೆ. ಧರ್ಮಾದಾಯದಲ್ಲಿ ದೋಷಗಳಿದ್ದವು, ಗಿರಾಕಿಗೆ ಬೇಡವೆನ್ನುವ ಸ್ವಾತಂತ್ರ್ಯ ಹೆಚ್ಚಿರಲಿಲ್ಲ, ಹಣ ಎಲ್ಲಿಗೆ ಹೋಗಬೇಕೆಂದು ವ್ಯಾಪಾರಿಯೇ ತೀರ್ಮಾನಿಸುತ್ತಿದ್ದ, ಪುಣ್ಯದ ಜೊತೆಗೆ ಶಿಲಾಫಲಕವೂ ಅವನದೇ ಆಗುತ್ತಿತ್ತು. ಆದರೆ ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಇತ್ತು. ಓದಲು ಬಾರದವನೂ 'ಅದೇನು ಎರಡಾಣೆ?' ಎಂದು ಕೇಳಬಹುದಾಗಿತ್ತು.

ಇದೇ ಗುಣ ಪಶ್ಚಿಮದ ಅಂಚೆಕಚೇರಿಗಳಲ್ಲಿ ಇನ್ನೂ ಚೆಂದದ ರೂಪ ಪಡೆಯಿತು. ಆಗಿನ ದೊಡ್ಡ ರೋಗ ಕ್ಷಯ. 1897ರಲ್ಲಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ಹೊತ್ತಿಗೆ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತು ಕ್ಷಯರೋಗಿಗಳ ಆಶ್ರಮಕ್ಕಾಗಿ ಎರಡು ಅಂಚೆ ಚೀಟಿ ಹೊರಡಿಸಿತು. ಒಂದು ಪೆನ್ನಿಯ ಚೀಟಿಗೆ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪಟ್ಟು ಬೆಲೆ! ಉಳಿದ ಹನ್ನೊಂದು ಪೆನ್ನಿ ರೋಗಿಗಳಿಗೆ. ಇಷ್ಟು ದುಬಾರಿಯಾದದ್ದನ್ನು ಸಾಮಾನ್ಯರು ಕೊಳ್ಳುವುದುಂಟೇ?

ಆ ತೊಡಕನ್ನು ಬಿಡಿಸಿದವನು ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೊಲ್. ಕ್ರಿಸ್‌ಮಸ್ ಕಾಲದಲ್ಲಿ ಪತ್ರಗಳ ರಾಶಿ ವಿಂಗಡಿಸುತ್ತಿದ್ದವನಿಗೆ ಒಂದು ಯೋಚನೆ ಬಂತು: ಪ್ರತಿ ಲಕೋಟೆಯ ಮೇಲೆ ಅಂಚೆ ಚೀಟಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಬಣ್ಣದ ಚೀಟಿ ಅಂಟಿಸಿದರೆ? ಅದು ಅಂಚೆ ವೆಚ್ಚವಲ್ಲ, ಅಂಟಿಸದಿದ್ದರೂ ಪತ್ರ ಹೋಗುತ್ತದೆ. ಅಂಟಿಸಿದವನದು ಶುದ್ಧ ಕೊಡುಗೆ. ರಾಜ ಒಂಬತ್ತನೆಯ ಕ್ರಿಶ್ಚಿಯನ್ ಮೆಚ್ಚಿ ಒಪ್ಪಿಗೆ ಕೊಟ್ಟ. 1904ರಲ್ಲಿ, ಮೊದಲ ವರ್ಷವೇ, 40 ಲಕ್ಷಕ್ಕೂ ಹೆಚ್ಚು ಚೀಟಿಗಳು ಖರ್ಚಾದವು. ಆ ಹಣದಿಂದ ಕೋಲ್ಡಿಂಗ್ ಎಂಬ ಊರಿನಲ್ಲಿ ಮಕ್ಕಳಿಗೆಂದು ಕ್ಷಯದ ಸ್ಯಾನಟೋರಿಯಂ ಎದ್ದಿತು. 1911ರಲ್ಲಿ ಬಾಗಿಲು ತೆರೆಯಿತು.

ಡೆನ್ಮಾರ್ಕಿನ ಸುದ್ದಿಯನ್ನು ಪತ್ರಿಕೆಯೊಂದರಲ್ಲಿ ಓದಿದ ಅಮೆರಿಕದ ಎಮಿಲಿ ಬಿಸೆಲ್ ತಮ್ಮ ಡೆಲವೇರ್ ರಾಜ್ಯದಲ್ಲಿ ಅದನ್ನೇ ಮಾಡಿದರು. ಬ್ರ್ಯಾಂಡಿವೈನ್ ನದಿಯ ದಡದ ಪುಟ್ಟದೊಂದು ಕ್ಷಯರೋಗಿಗಳ ಆಶ್ರಮ 300 ಡಾಲರ್ ಇಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. 1907ರ ಡಿಸೆಂಬರಿನಲ್ಲಿ ವಿಲ್ಮಿಂಗ್ಟನ್ ಅಂಚೆಕಚೇರಿಯಲ್ಲಿ ಒಂದು ಸೆಂಟಿಗೆ ಒಂದರಂತೆ ಮಾರಾಟ ಶುರುವಾಯಿತು. ಮೊದಮೊದಲು ಜನ ಅಷ್ಟಾಗಿ ಬರಲಿಲ್ಲ. ಫಿಲಡೆಲ್ಫಿಯಾದ ಒಂದು ದಿನಪತ್ರಿಕೆ ಬೆನ್ನಿಗೆ ನಿಂತ ಮೇಲೆ ಬೇಕಾದದ್ದರ ಹತ್ತುಪಟ್ಟು, ಸುಮಾರು 3,000 ಡಾಲರ್, ಕೂಡಿತು.

ನಮ್ಮ ದೇಶಕ್ಕೆ ಇದು ಬಂದದ್ದು ಸ್ವಾತಂತ್ರ್ಯಾನಂತರ. 1939ರಲ್ಲಿ ಹುಟ್ಟಿದ ಭಾರತ ಕ್ಷಯರೋಗ ಸಂಘ 1950ರಿಂದ ಟಿ.ಬಿ. ಸೀಲ್ ಅಭಿಯಾನ ನಡೆಸುತ್ತ ಬಂತು. ಅಕ್ಟೋಬರ್ 2, ಗಾಂಧಿ ಜಯಂತಿಯಂದು ಅದಕ್ಕೆ ಚಾಲನೆ ಕೊಡುವ ಪದ್ಧತಿ. ಈ ಸಭೆಯಲ್ಲಿ ತಲೆ ನೆರೆತ ಅನೇಕರಿಗೆ ಆ ಚೀಟಿಗಳು ನೆನಪಿರಬಹುದು: ಎರಡು ಅಡ್ಡಗೆರೆಯ ಶಿಲುಬೆಯ ಗುರುತು, ಹಿಂದೆ ಗೋಂದು, ಮೇಷ್ಟ್ರು ತರಗತಿಯಲ್ಲಿ ಹಾಳೆ ಹಂಚಿ 'ನಾಳೆ ದುಡ್ಡು ತನ್ನಿ' ಎನ್ನುತ್ತಿದ್ದ ದನಿ. ಹೆದರಿ ಕೊಂಡದ್ದನ್ನು ದಾನವೆನ್ನಬಹುದೇ ಎಂದು ತಕರಾರು ತೆಗೆಯಬಹುದು. ಆದರೆ ಆ ಹುಡುಗರಲ್ಲಿ ಎಷ್ಟೋ ಮಂದಿಗೆ ಕ್ಷಯವೆಂದರೆ ಶಾಪವಲ್ಲ, ವಾಸಿಯಾಗುವ ಕಾಯಿಲೆ ಎಂದು ಮೊದಲು ತಿಳಿಸಿದ್ದು ಅದೇ ಹಾಳೆ. ಹಣಕ್ಕಿಂತ ಆ ತಿಳಿವಳಿಕೆಯ ಬೆಲೆ ಹೆಚ್ಚೆಂದು ನಾನು ಎಣಿಸುತ್ತೇನೆ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಕಾಸು ಬೆಲೆಯ ಒಳಗೆ ಸೇರಿಕೊಂಡದ್ದು ಹೇಗೆ?

1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ, ನಮ್ಮ ಕಾರ್ಡನ್ನು ಒಂದು ಸಲ ಬಳಸಿದರೆ ಒಂದು ಸೆಂಟು, ಹೊಸ ಕಾರ್ಡು ಪಡೆದರೆ ಒಂದು ಡಾಲರ್ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ದುರಸ್ತಿಗೆ ಎಂದು ಘೋಷಿಸಿತು. 17 ಲಕ್ಷ ಡಾಲರ್ ಕೂಡಿತು. ಪ್ರತಿಮೆಗೆ ಕಾಯಿಲೆಯಿಲ್ಲ, ನಿಜ; ಆದರೆ ಅಲ್ಲಿಂದ ಮುಂದೆ ಈ ಸೂತ್ರ ಕಾಯಿಲೆಗಳತ್ತ ತಿರುಗಿತು. ಇಲ್ಲಿ ಆದ ಬದಲಾವಣೆಯನ್ನು ಗಮನಿಸಬೇಕು. ಹೋಲ್ಬೊಲ್‌ನ ಚೀಟಿಯನ್ನು ಕೊಂಡವನು ಹೆಚ್ಚಿಗೆ ಕೊಡುತ್ತಿದ್ದ. ಇಲ್ಲಿ ಕೊಳ್ಳುವವನು ಏನೂ ಹೆಚ್ಚಿಗೆ ಕೊಡುವುದಿಲ್ಲ. ಹೆಚ್ಚಿಗೆ ಕೊಳ್ಳುತ್ತಾನೆ, ಅಷ್ಟೆ. ಕೊಡುವುದು ಕಂಪನಿ. ಕೊಟ್ಟ ತೃಪ್ತಿ ಮಾತ್ರ ಇವನ ಪಾಲಿಗೆ.

ಸ್ತನ ಕ್ಯಾನ್ಸರಿನ ಗುಲಾಬಿ ರಿಬ್ಬನ್ನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಷಾರ್ಲಟ್ ಹೇಲಿ ಎಂಬ ಮಹಿಳೆ ಮನೆಯಲ್ಲಿ ಕೂತು ರಿಬ್ಬನ್ನು ಕಟ್ಟುತ್ತಿದ್ದರು. ಅವರ ಕುಟುಂಬದಲ್ಲೇ ಹಲವರಿಗೆ ಈ ರೋಗ ತಗುಲಿತ್ತು. ಆ ರಿಬ್ಬನ್ನಿನದು ಪೀಚ್ ಹಣ್ಣಿನ ಬಣ್ಣ. ಜೊತೆಗೆ ಒಂದು ಕಾರ್ಡು: ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಬಜೆಟ್ಟಿನಲ್ಲಿ ರೋಗ ಬಾರದಂತೆ ತಡೆಯುವುದಕ್ಕೆ ಹೋಗುವುದು ಶೇ. 5 ಮಾತ್ರ, ಇದನ್ನು ಹೆಚ್ಚಿಸಲು ಒತ್ತಾಯಿಸಿ ಎಂದು. ಅವರು ಕೇಳಿದ್ದು ಹಣವನ್ನಲ್ಲ, ಸರ್ಕಾರದ ಉತ್ತರವನ್ನು. 1992ರಲ್ಲಿ 'ಸೆಲ್ಫ್' ಪತ್ರಿಕೆ ಮತ್ತು ಸೌಂದರ್ಯವರ್ಧಕಗಳ ಕಂಪನಿಯಾದ ಎಸ್ಟೀ ಲಾಡರ್ ಆ ರಿಬ್ಬನ್ನನ್ನು ದೇಶಕ್ಕೆಲ್ಲ ಹಂಚಲು ಮುಂದಾದವು. ಇದು ವ್ಯಾಪಾರವಾಗಿಬಿಡುತ್ತದೆಂದು ಹೇಲಿ ಒಪ್ಪಲಿಲ್ಲ. ಬಣ್ಣ ಬದಲಾಯಿತು, ಪೀಚ್ ಹೋಗಿ ಗುಲಾಬಿ ಬಂತು. ಕಾರ್ಡಿನ ಮೇಲಿದ್ದ ಪ್ರಶ್ನೆ ಬಿದ್ದುಹೋಯಿತು.

ಮುಂದಿನದು ನಿಮಗೆ ಗೊತ್ತು. ಅಕ್ಟೋಬರ್ ಬಂದರೆ ಲಿಪ್‌ಸ್ಟಿಕ್ಕಿನಿಂದ ಮಿಕ್ಸರ್‌ವರೆಗೆ ಎಲ್ಲ ಗುಲಾಬಿ. ಇದರಿಂದ ಸಂಶೋಧನೆಗೆ ದೊಡ್ಡ ಮೊತ್ತವೇ ಹೋಗಿದೆ, ಲಕ್ಷಾಂತರ ಹೆಣ್ಣುಮಕ್ಕಳು ನಾಚಿಕೆ ಬಿಟ್ಟು ತಪಾಸಣೆಗೆ ಬಂದಿದ್ದಾರೆ; ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಎರಡು ಪ್ರಸಂಗಗಳನ್ನು ಕೇಳಿ. 1999ರಲ್ಲಿ ಯೋಪ್ಲೇ ಮೊಸರಿನ ಕಂಪನಿ, ಮುಚ್ಚಳ ತೊಳೆದು ಅಂಚೆಯಲ್ಲಿ ಕಳುಹಿಸಿದರೆ ಒಂದೊಂದಕ್ಕೆ 50 ಸೆಂಟ್ ಸ್ತನ ಕ್ಯಾನ್ಸರ್ ಸಂಶೋಧನೆಗೆ ಎಂದಿತು. ಜನ 94 ಲಕ್ಷ ಮುಚ್ಚಳ ಕಳುಹಿಸಿದರು. ಲೆಕ್ಕದ ಪ್ರಕಾರ 47 ಲಕ್ಷ ಡಾಲರ್ ಆಗಬೇಕು. ಕಂಪನಿ ಒಟ್ಟು ದಾನಕ್ಕೆ ಒಂದು ಲಕ್ಷ ಡಾಲರಿನ ಮಿತಿ ಹಾಕಿಕೊಂಡಿತ್ತು! ಜಾರ್ಜಿಯಾ ರಾಜ್ಯ ತನಿಖೆಗೆ ಇಳಿದ ಮೇಲೆ ಇನ್ನಷ್ಟು ಕೊಟ್ಟು ಮುಗಿಸಿಕೊಂಡರು. ಅಷ್ಟೊಂದು ಮುಚ್ಚಳಗಳನ್ನು ಕಳುಹಿಸಲು ಜನ ಅಂಚೆಗೆ ಎಷ್ಟು ಖರ್ಚು ಮಾಡಿದ್ದಿರಬಹುದು, ನೀವೇ ಊಹಿಸಿ. ಇನ್ನೊಂದು, 2010ರಲ್ಲಿ ಕೆ.ಎಫ್.ಸಿ.ಯವರ ಗುಲಾಬಿ ಬಕೆಟ್ಟು. ಕರಿದ ಕೋಳಿಯ ಬಕೆಟ್ಟಿಗೆ 50 ಸೆಂಟ್. 40 ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ಎಣ್ಣೆಯಲ್ಲಿ ಕರಿದದ್ದನ್ನು ತಿನ್ನಿಸಿ ಆರೋಗ್ಯಕ್ಕೆ ಹಣವೇ ಎಂದು ವೈದ್ಯರು ಗೇಲಿ ಮಾಡಿದ್ದು ಸುದ್ದಿಯಾಯಿತು. ನನಗೆ ಅದಕ್ಕಿಂತ ಕುತೂಹಲದ್ದು ಸಣ್ಣಕ್ಷರದ ಸಾಲು: ದಾನದ ಲೆಕ್ಕ ಅಂಗಡಿಗಳು ತರಿಸಿಕೊಂಡ ಬಕೆಟ್ಟುಗಳ ಮೇಲೆ, ಗಿರಾಕಿ ಕೊಂಡರೆ ಮೊತ್ತವೇನೂ ಏರುವುದಿಲ್ಲ.

2006ರಲ್ಲಿ ದಾವೋಸ್‌ನಲ್ಲಿ ಗಾಯಕ ಬೋನೋ ಮತ್ತು ಬಾಬಿ ಶ್ರೈವರ್ ಆರಂಭಿಸಿದ 'ರೆಡ್' ಯೋಜನೆ ಇನ್ನೂ ದೊಡ್ಡ ಪ್ರಮಾಣದ್ದು. ಕೆಂಪು ಐಪಾಡ್, ಕೆಂಪು ಶೂ, ಕೆಂಪು ಅಂಗಿ. ಮಾರಾಟದ ಲಾಭದ ಒಂದು ಪಾಲು ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಜಾಗತಿಕ ನಿಧಿಗೆ. ಮರುವರ್ಷವೇ ಅಮೆರಿಕದ ಜಾಹೀರಾತು ವಾರಪತ್ರಿಕೆಯೊಂದು, ಪ್ರಚಾರಕ್ಕೆ 10 ಕೋಟಿ ಡಾಲರಿನಷ್ಟು ಸುರಿದು ನಿಧಿಗೆ ಸಂದದ್ದು 1.8 ಕೋಟಿ ಎಂದು ಬರೆಯಿತು. ರೆಡ್‌ನವರು ಆ ಅಂಕಿಗಳನ್ನು ಒಪ್ಪಲಿಲ್ಲ. ಆದರೂ ನ್ಯಾಯವಾಗಿ ಹೇಳಬೇಕಾದದ್ದು, ಆ ಹಣ ಆಫ್ರಿಕಾದ ದೇಶಗಳಲ್ಲಿ ಎಚ್‌.ಐ.ವಿ. ಪೀಡಿತರಿಗೆ ಔಷಧಿಯಾಗಿ ತಲುಪಿತು, ಎಲ್ಲಿಗೆ ಹೋಯಿತೆಂಬ ದಾಖಲೆಯೂ ಇದೆ.

ಇಲ್ಲಿ ಕೊಳ್ಳುವವರ ಮನಸ್ಸಿನ ಬಗ್ಗೆ ಎರಡು ಮಾತು. 1998ರಲ್ಲಿ ಸ್ಟ್ರಾಹಿಲೆವಿಟ್ಜ್ ಮತ್ತು ಮೈಯರ್ಸ್ ಎಂಬ ಸಂಶೋಧಕರು ಒಂದು ಸ್ವಾರಸ್ಯ ಕಂಡುಕೊಂಡರು: ದಾನದ ಆಮಿಷ ಬಟ್ಟೆ ಸೋಪಿನಂಥ ಅಗತ್ಯ ವಸ್ತುಗಳಿಗಿಂತ ಐಸ್‌ಕ್ರೀಮಿನಂಥ ಷೋಕಿ ವಸ್ತುಗಳ ಮಾರಾಟದಲ್ಲಿ ಹೆಚ್ಚು ನಡೆಯುತ್ತದೆ. ಬೇಕಿಲ್ಲದ್ದನ್ನು ಕೊಂಡ ಅಳುಕಿಗೆ ಅದು ಪ್ರಾಯಶ್ಚಿತ್ತ. 2003ರ ಇನ್ನೊಂದು ಅಧ್ಯಯನ, 'ಲಾಭದ ಶೇ. 5' ಎಂದು ಬರೆದರೆ ಬಹಳಷ್ಟು ಜನ ಅದನ್ನು ಬೆಲೆಯ ಶೇ. 5 ಎಂದೇ ತಿಳಿಯುತ್ತಾರೆಂದು ತೋರಿಸಿತು. ಸುಮ್ಮನೆ ಲೆಕ್ಕ ಹಾಕಿ: 40 ರೂಪಾಯಿಯ ಸೋಪು, ಅದರಲ್ಲಿ ಲಾಭ 4 ರೂಪಾಯಿ ಎಂದಿಟ್ಟುಕೊಳ್ಳಿ. ಬೆಲೆಯ ಶೇ. 5 ಎಂದರೆ 2 ರೂಪಾಯಿ, ಲಾಭದ ಶೇ. 5 ಎಂದರೆ 20 ಪೈಸೆ. ಇನ್ನು 2011ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆರಾಧನಾ ಕೃಷ್ಣ ಪ್ರಕಟಿಸಿದ ಪ್ರಯೋಗಗಳು, ಇಂಥ ವಸ್ತು ಕೊಂಡವರು ಆಮೇಲೆ ನೇರ ದಾನವನ್ನು ಕಡಿಮೆ ಮಾಡುವ ಸಾಧ್ಯತೆಯಿದೆ ಎಂದವು. ಸೋಪಿನಲ್ಲೇ ಕೊಟ್ಟಾಯಿತಲ್ಲ ಎಂಬ ಭಾವ.

ಮೂರನೆಯ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವಂಥದು. ಅಂಗಡಿಯ ಕಪಾಟಿನಲ್ಲಿ ಎಲ್ಲ ಕಾಯಿಲೆಗಳಿಗೂ ಜಾಗವಿಲ್ಲ. ಹೊದಿಕೆಯ ಮೇಲೆ ಅಚ್ಚು ಹಾಕುವ ರೋಗಕ್ಕೆ ಒಂದು ಆಕರ್ಷಣೆ ಇರಬೇಕು: ಕೊಳ್ಳುವವರಿಗೆ ತಮಗೂ ಬರಬಹುದೆಂಬ ಭಯ, ನೋಡಿದರೆ ಅಸಹ್ಯವಾಗದ ಚಿತ್ರ, ಬದುಕಿ ಬಂದವರ ನಗುಮುಖ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಯಾವ ಬಣ್ಣದ ರಿಬ್ಬನ್ನು? ಸೌದೆಗೆ, ಸೊಪ್ಪಿಗೆ, ಅಡಕೆ ತೋಟಕ್ಕೆ ಹೋಗಿ ಉಣ್ಣೆ ಕಚ್ಚಿಸಿಕೊಳ್ಳುವ ಮಲೆನಾಡಿನವರು ಯಾವ ಕಂಪನಿಯ ದೊಡ್ಡ ಗಿರಾಕಿಗಳು? ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಿ, ಹೊಸದಕ್ಕೆ ಕಾಯಬೇಕಾಯಿತು. ಹಾವು ಕಡಿತದ ಕಥೆಯೂ ಇದೇ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ವರ್ಷಕ್ಕೆ ಸರಾಸರಿ 58,000, ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಬಿಸ್ಕತ್ತಿನ ಪೊಟ್ಟಣದ ಮೇಲೆ ಕೊಳಕುಮಂಡಲದ ಚಿತ್ರ ಹಾಕುವ ಧೈರ್ಯ ಯಾವ ಜಾಹೀರಾತಿನವರಿಗಿದೆ? ಕ್ಷಯವನ್ನೇ ತೆಗೆದುಕೊಳ್ಳಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮಲ್ಲಿದ್ದಾರೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವುದೂ ನಮ್ಮ ಬೆಂಗಳೂರಿನಲ್ಲಿ. ಕೊಳ್ಳುವಿಕೆಯ ದಾನ ಬೆಳೆದದ್ದೇ ಈ ರೋಗದ ಹೆಸರಿನಲ್ಲಿ. ಇವತ್ತು ಮಾಲ್‌ನಲ್ಲಿ ಅದರ ಸುಳಿವಿಲ್ಲ. ಶ್ರೀಮಂತ ದೇಶಗಳ ಗಿರಾಕಿಗಳಿಗೆ ಅದು ಬರುವುದು ಕಡಿಮೆಯಾದ ದಿನದಿಂದ ಅದು ಸರಕಾಗಿ ಸತ್ತಿತು, ರೋಗವಾಗಿ ಮಾತ್ರ ಉಳಿಯಿತು.

ಇದಕ್ಕೆ ಎದುರಾದ ಒಂದು ಪ್ರಸಂಗವನ್ನೂ ಹೇಳಬೇಕು, ಏಕೆಂದರೆ ಕೊಳ್ಳುವುದು ಕೆಲವೊಮ್ಮೆ ದಾನಕ್ಕಿಂತ ದೊಡ್ಡದಾಗುತ್ತದೆ. ಮಹಾರಾಷ್ಟ್ರದ ವರೋರಾದ ಬಳಿ ಬಾಬಾ ಆಮ್ಟೆ ಕಟ್ಟಿದ ಆನಂದವನದಲ್ಲಿ ಕುಷ್ಠರೋಗಿಗಳು ಕಲ್ಲುಬಂಡೆಯ ನೆಲ ಅಗೆದು ತರಕಾರಿ ಬೆಳೆದರು. ವರೋರಾದ ಪೇಟೆಯಲ್ಲಿ ಮೊದಲು ಅದನ್ನು ಮುಟ್ಟುವವರಿರಲಿಲ್ಲ. 1950ರ ದಶಕದಲ್ಲಿ ಹಲವು ದೇಶಗಳ ಸ್ವಯಂಸೇವಕರು ಬಂದು ಅಲ್ಲೇ ಉಳಿದು, ಆ ರೋಗಿಗಳು ಬೆಳೆದದ್ದನ್ನೇ ಉಂಡು, ಆಸ್ಪತ್ರೆಯ ಕಟ್ಟಡ ಕಟ್ಟಿದ ಮೇಲೆ ಊರಿನವರ ಹೆದರಿಕೆ ಕರಗಿತು. ಹಾಲು, ತರಕಾರಿ ಮಾರಾಟವಾಗತೊಡಗಿದವು. ಆ ಬದನೆಕಾಯಿ ಕೊಂಡವರು ಯಾರಿಗೂ ಕಾಸು ಬಿಟ್ಟುಕೊಡಲಿಲ್ಲ, ಬೆಲೆ ಕೊಟ್ಟು ಮಾಲು ಒಯ್ದರು. ಬೆಳೆದವನು ಭಿಕ್ಷುಕನಲ್ಲ, ರೈತ ಎಂದು ಒಪ್ಪಿಕೊಂಡ ಹಾಗಾಯಿತು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠದಿಂದ ಗುಣವಾದವರಿಗೆ ಚರ್ಮದ ಕೆಲಸ ಮತ್ತಿತರ ಕಸಬು ಕಲಿಸಿದ್ದೂ ಇದೇ ಹಾದಿಯದು. ಇಂಥ ಕಡೆ ನಾನು ಯಾವ ಶೇಕಡಾವಾರಿನ ಲೆಕ್ಕವನ್ನೂ ಕೇಳಲಾರೆ.

ಕೊನೆಯ ಭಾಗ, ಕಾನೂನು. ಬ್ರಿಟನ್ನಿನಲ್ಲಿ 1992ರ ಧರ್ಮಸಂಸ್ಥೆಗಳ ಕಾಯಿದೆಯ ಪ್ರಕಾರ, ಒಂದು ಧರ್ಮಸಂಸ್ಥೆಯ ಹೆಸರು ಹೇಳಿ ಮಾಲು ಮಾರುವ ಕಂಪನಿ ಆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿರಬೇಕು, ಸಂಸ್ಥೆಗೆ ಎಷ್ಟು ಸಲ್ಲುತ್ತದೆಂದು ಗಿರಾಕಿಗೆ ಹೇಳಲೇಬೇಕು. 'ಆದಾಯದ ಒಂದು ಭಾಗ' ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅಮೆರಿಕದಲ್ಲಿ 1998ರಲ್ಲಿ ಬಂದ ಸ್ತನ ಕ್ಯಾನ್ಸರ್ ಸಂಶೋಧನೆಯ ಅಂಚೆ ಚೀಟಿಯೂ ಒಳ್ಳೆಯ ಮಾದರಿ. ಆರಂಭದಲ್ಲಿ 32 ಸೆಂಟಿನ ಅಂಚೆಗೆ 40 ಸೆಂಟ್ ಕೊಡಬೇಕಿತ್ತು, ಖರ್ಚು ಕಳೆದು ಉಳಿದದ್ದರಲ್ಲಿ ಶೇ. 70 ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ, ಶೇ. 30 ರಕ್ಷಣಾ ಇಲಾಖೆಯ ವೈದ್ಯಕೀಯ ಸಂಶೋಧನೆಗೆ. ನೂರು ಕೋಟಿಗೂ ಮಿಕ್ಕಿ ಚೀಟಿಗಳು ಖರ್ಚಾಗಿ 9 ಕೋಟಿ ಡಾಲರ್ ದಾಟಿತು. ಮಿತಿಯಿಲ್ಲ, ಸಣ್ಣಕ್ಷರವಿಲ್ಲ.

ನಮ್ಮಲ್ಲಿ ಕಾನೂನು ಮೂರು ಕಡೆ ಹರಿದು ಹಂಚಿಹೋಗಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಂ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. 2021ರ ತಿದ್ದುಪಡಿ ನಿಯಮಗಳು, ತನ್ನ ಮಾಲಿನ ಪ್ರಚಾರದ ಲಾಭಕ್ಕಾಗಿ ಮಾಡುವ ಪ್ರಾಯೋಜನೆ ಆ ಲೆಕ್ಕಕ್ಕೆ ಬರುವುದಿಲ್ಲವೆಂದು ಸ್ಪಷ್ಟಪಡಿಸಿದವು, ಸರಿಯಾದ ಮಾತು. ಇನ್ನು ಆದಾಯ ತೆರಿಗೆಯಲ್ಲಿ ದಾನಕ್ಕೆ ಸಿಗುವ ರಿಯಾಯಿತಿ: ಆಸ್ಪತ್ರೆಗೆ ನೇರ ಕೊಟ್ಟವರಿಗೆ ರಸೀದಿ ಸಿಗುತ್ತದೆ, ಸೋಪು ಕೊಂಡವರಿಗೆ ಸಿಗುವುದಿಲ್ಲ. ಮೂರನೆಯದು ಈಚಿನದು. ಟಿಕೆಟ್ ಕಾದಿರಿಸುವಾಗಲೋ ಊಟ ತರಿಸುವಾಗಲೋ ಆ್ಯಪ್‌ನಲ್ಲಿ ಒಂದೆರಡು ರೂಪಾಯಿ ದಾನಕ್ಕೆಂದು ಮೊದಲೇ ಗುರುತು ಹಾಕಿಟ್ಟಿರುವುದನ್ನು ಯುವಮಿತ್ರರು ಕಂಡಿರುತ್ತೀರಿ. ಅದು ಧರ್ಮಾದಾಯದ ಮರಿಮಗು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಬಳಕೆದಾರರ ಒಪ್ಪಿಗೆಯಿಲ್ಲದೆ ಹಣ ಕಟ್ಟುವ ಹಂತದಲ್ಲಿ ಏನನ್ನಾದರೂ ಸೇರಿಸುವುದನ್ನು 'ಬಾಸ್ಕೆಟ್ ಸ್ನೀಕಿಂಗ್' ಎಂದು ನಿಷೇಧಿಸಿದೆ. ದಾನದ ಹಣವನ್ನೂ ಅದರಲ್ಲಿ ಹೆಸರಿಸಿದೆ. ಪುಣ್ಯವಾದರೂ ಸರಿ, ಕೇಳದೆ ಕಿಸೆಗೆ ಕೈಹಾಕಬೇಡಿ ಎಂದ ಹಾಗೆ.

ಆದರೆ ಬೆಲೆಯ ಒಳಗೇ ಕೂತ ಕಾಸಿಗೆ ಇದು ತಾಗುವುದಿಲ್ಲ. ಅದಕ್ಕೆ ನನ್ನದೊಂದು ಸಲಹೆ. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಪ್ರತಿ ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದೂರು ಕೊಡಬೇಕಾದವರ ವಿವರ ಇರಲೇಬೇಕು. ಧರ್ಮಕಾರ್ಯದ ಹೆಸರು ಹೇಳುವ ಪೊಟ್ಟಣಕ್ಕೆ ಇನ್ನೊಂದು ಸಾಲು ಸೇರಿಸಿದರೆ ಸಾಕು: ಈ ಪೊಟ್ಟಣದಿಂದ ಇಂತಿಷ್ಟು ಪೈಸೆ, ಇಂಥ ನೋಂದಾಯಿತ ಸಂಸ್ಥೆಗೆ, ಒಟ್ಟು ಮಿತಿ ಇದ್ದರೆ ಇಷ್ಟು. ಶೇಕಡಾವಾರು ಬೇಡ, ಪೈಸೆಯೇ ಇರಲಿ. ಹೊದಿಕೆಯ ಮೇಲೆ ಜಾಗವಿಲ್ಲ ಎಂದು ಕಂಪನಿಗಳು ಹೇಳಬಹುದು. ರಿಬ್ಬನ್ನಿಗೆ, ನಗುವ ಮಗುವಿನ ಚಿತ್ರಕ್ಕೆ ಜಾಗ ಸಿಕ್ಕಿದೆಯಲ್ಲ, ಅದರ ಕೆಳಗೇ ಬರೆಯಲಿ. ಕೊಡುವುದು 20 ಪೈಸೆಯಾದರೆ 20 ಪೈಸೆ ಎಂದು ಅಚ್ಚು ಹಾಕಿಸಲು ಸಂಕೋಚವಾದೀತು. ಆ ಸಂಕೋಚದಿಂದಲೇ ಅದು 50 ಪೈಸೆಯಾದರೂ ಆಗಬಹುದೆಂಬುದು ನನ್ನ ಲೆಕ್ಕಾಚಾರ. ಈ ಸಲಹೆಯಲ್ಲಿ ತೊಡಕುಗಳಿದ್ದರೆ ಕಾನೂನು ವಿಭಾಗದ ಅಧ್ಯಾಪಕರು ಈಗಲೇ ಎತ್ತಬಹುದು. ಅಧ್ಯಕ್ಷರು ಪ್ರಶ್ನೆಗಳಿಗೆ ಸಮಯವಿಟ್ಟಿದ್ದಾರೆ.